ನಿಮ್ಮ ಮಾಂತ್ರಿಕ ಯಾವ ಘರಾನಾ?

ಪ್ರಶ್ನೆ: ನಮಸ್ಕಾರ ರೀ. ನಾವು ಐದು ಗೆಳೆಯರು ಭಾನುವಾರ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ, ಒಬ್ಬೊಬ್ಬರು ಒಂದು ಪಾತ್ರವಾಗಿ ಕಥೆ ಕಟ್ಟುತ್ತಾ ದಾಳ ಹಾಕುವ ಆಟ. ಇಬ್ಬರು ಮಾಂತ್ರಿಕರು, ಇಬ್ಬರ ಹತ್ತಿರವೂ ಅದೇ ಮ್ಯಾಜಿಕ್ ಮಿಸೈಲ್ (ಮಾಯಾ ಬಾಣದ ಮಂತ್ರ), ಅದೇ ಫೈರ್‌ಬಾಲ್ (ಬೆಂಕಿ ಉಂಡೆಯ ಮಂತ್ರ). "ಫೈರ್‌ಬಾಲ್ ಬಿಟ್ಟೆ, ದಾಳ ಹಾಕ್ತೀನಿ ನೋಡು" ಅಂದರೆ ಮುಗೀತು. ನಿಯಮ ಮುರಿಯದೆ ಇವಕ್ಕೆ ರುಚಿ ತರುವುದು ಹೇಗೆ?
- ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಪಕ್ಕದ ಕುಂದಗೋಳದ ಕಡೆ ನೋಡಿ. ಸವಾಯಿ ಗಂಧರ್ವರ ಹತ್ತಿರ ಗಂಗೂಬಾಯಿ ಹಾನಗಲ್ಲರೂ ಕಲಿತರು, ಭೀಮಸೇನ ಜೋಶಿಯವರೂ ಕಲಿತರು. ಒಬ್ಬರೇ ಗುರು, ಒಂದೇ ಕಿರಾನಾ ಘರಾನಾ ಅಂದರೆ ಒಂದೇ ಗಾಯನ ಪರಂಪರೆ, ಆದರೂ ರೇಡಿಯೋದಲ್ಲಿ ಹೆಸರು ಹೇಳುವ ಮೊದಲೇ ಯಾರು ಹಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಅಲ್ವಾ? ರಾಗದ ಸ್ವರ ಇಬ್ಬರೂ ಬದಲಿಸಲಿಲ್ಲ.

ಫೈರ್‌ಬಾಲ್‌ಗೂ ಸ್ವರ ಇದೆ. ಆಟದ 2014ರ ಐದನೇ ಆವೃತ್ತಿಯಲ್ಲಿ ಅದು ಮೂರನೇ ಹಂತದ ಮಂತ್ರ, 150 ಅಡಿ ದೂರ ಹೋಗುತ್ತದೆ, ಸುತ್ತ 20 ಅಡಿ ಸುಡುತ್ತದೆ, ಏಟಿಗೆ ಆರು ಮುಖದ 8 ದಾಳ. ಇದನ್ನು ಮುಟ್ಟಬೇಡಿ. ಬಣ್ಣ, ಸದ್ದು, ವಾಸನೆ, ಕೈ ತಿರುಗಿಸುವ ರೀತಿ, ಇವೆಲ್ಲ ನಿಮ್ಮವೇ. 2020ರ ಟಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್ ಅನ್ನುವ ಆಟದ ನಿಯಮ ಪುಸ್ತಕವೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ.

ಸುಮ್ನೆ ನೀಲಿ ಬೆಂಕಿ, ಹಸಿರು ಬೆಂಕಿ ಅಂದರೆ ಎರಡನೇ ವಾರಕ್ಕೆ ಸಪ್ಪೆ. ಮಾಂತ್ರಿಕ ಎಲ್ಲಿ, ಯಾರ ಹತ್ತಿರ ಕಲಿತ ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. ಒಬ್ಬ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿಯ ಮಗ ಅನ್ನಿ. ಫೈರ್‌ಬಾಲ್‌ಗೆ ಬೇಕಾದ ಬಾವಲಿ ಹಿಕ್ಕೆ, ಗಂಧಕವನ್ನು ಅಪ್ಪನ ಹಳೇ ಚೀಲದಲ್ಲೇ ಇಟ್ಟಿದ್ದಾನೆ, ಗಂಟು ಬಿಚ್ಚಿದರೆ ಮೊದಲು ಕೆಂಪು ಘಾಟು, ಆಮೇಲೆ ಬೆಂಕಿ. ಇನ್ನೊಬ್ಬಳಿಗೆ ಕಸೂತಿ ಹಾಕುವ ಅಜ್ಜಿಯೇ ಗುರು. ಅವಳ ಮ್ಯಾಜಿಕ್ ಮಿಸೈಲ್ ಅಂದರೆ ಮೂರು ಸೂಜಿ, ಹಿಂದೆ ಹೊಳೆಯುವ ದಾರ, ಎಂದೂ ಗುರಿ ತಪ್ಪುವುದಿಲ್ಲ. ಮೈಗೆ ಮಾಯಾ ಕವಚ ತೊಡಿಸುವ ಮೇಜ್ ಆರ್ಮರ್ ಮಂತ್ರ ಎಂಟು ತಾಸು ಇರುತ್ತದಲ್ಲ, ಅವಳು ಬೆಳಿಗ್ಗೆ ಸೆರಗಿನ ಮೇಲೆ ಗಂಟಿಲ್ಲದ ಗವಂತಿ ಹೊಲಿಗೆ ಎಳೆಯುತ್ತಾಳೆ, ಸಂಜೆಗೆ ಅದು ತಾನೇ ಬಿಚ್ಚಿಕೊಳ್ಳುತ್ತದೆ.

ಆದರೆ "ಘಾಟಿಗೆ ಶತ್ರು ಕೆಮ್ಮಿದ, ಅವನ ದಾಳಕ್ಕೆ ಎರಡು ಕಡಿಮೆ ಮಾಡಿ" ಅಂದಿರೋ, ಜಗಳ ಶುರು. ಮಂತ್ರ ಹಾಕುವುದನ್ನೇ ಮುಚ್ಚಿಡುವ ಬಣ್ಣವೂ ಬೇಡ. 60 ಅಡಿಯೊಳಗೆ ನಿಂತು ನೋಡಿದ ಎದುರಾಳಿಗೆ ನಿಮ್ಮ ಮಂತ್ರವನ್ನು ತಡೆಯುವ ಕೌಂಟರ್‌ಸ್ಪೆಲ್ ಹಾಕುವ ಹಕ್ಕಿದೆ, ಅದನ್ನು ಕಸಿದರೆ ಅದು ಅಲಂಕಾರ ಅಲ್ಲ, ಮೋಸ.

ಇನ್ನೊಂದು ನನ್ನದೇ ಪೆಟ್ಟು. ನಾನೊಮ್ಮೆ ಪ್ರತಿ ಸರದಿಯಲ್ಲೂ ನೇರಳೆ ಹೊಗೆಯನ್ನು ಒಂದು ನಿಮಿಷ ಬಣ್ಣಿಸುತ್ತಿದ್ದೆ, ಮೂರನೇ ಕಾಳಗಕ್ಕೆ ಎಲ್ಲರೂ ಮೊಬೈಲ್ ತೆಗೆದಿದ್ದರು. ಮೊದಲ ಸಲ ಪೂರ್ತಿ ಹೇಳಿ. ಆಮೇಲೆ "ಚೀಲದ ಗಂಟು ಬಿಚ್ಚಿದೆ" ಅಂದರೆ ಸಾಕು, ಎಲ್ಲರೂ ತಾವೇ ಮೂಗು ಮುಚ್ಚಿಕೊಳ್ಳುತ್ತಾರೆ.

ಪ್ರಶ್ನೆ: ಸತ್ತ ಮಾಂತ್ರಿಕನ ಮಂತ್ರದ ಪುಸ್ತಕ ನಮಗೆ ಸಿಕ್ಕಿದೆ. ನಕಲು ಮಾಡಲು ದುಡ್ಡು, ಟೈಮ್ ಎರಡೂ ಯಾಕೆ?
- ಗದಗ

ಉತ್ತರ: ಮಂತ್ರದ ಪ್ರತಿ ಹಂತಕ್ಕೆ 2 ತಾಸು, 50 ಚಿನ್ನದ ನಾಣ್ಯ. ಫೈರ್‌ಬಾಲ್‌ಗೆ 6 ತಾಸು, 150 ನಾಣ್ಯ. ಪ್ರತಿ ಮಾಂತ್ರಿಕನೂ ತನ್ನದೇ ಗುರುತುಗಳಲ್ಲಿ ಬರೆಯುತ್ತಾನೆ, ಅದನ್ನು ಬಿಡಿಸಬೇಕು, ಹಾಕಿ ನೋಡಿ ರೂಢಿ ಮಾಡಿಕೊಳ್ಳಬೇಕು, ಶಾಯಿಗೂ ಖರ್ಚು. ನಮ್ಮ ಕಡೆಯ ಹಳೇ ದಫ್ತರಗಳ ಮೋಡಿ ಲಿಪಿ ನೆನಪಿಸಿಕೊಳ್ಳಿ, ಓದುವವರನ್ನು ಹುಡುಕುವುದೇ ಒಂದು ಸಾಹಸ. ಹೆಸರೂ ಮೋಡಿಯೇ, ಇನ್ನೇನು ಬೇಕು! ಸತ್ತವನ ಅಕ್ಷರ ಹೇಗಿತ್ತು, ಅಂಚಿನಲ್ಲಿ ಯಾವ ಸಾಲದ ಲೆಕ್ಕ ಗೀಚಿದ್ದ ಅಂತ ಆಟ ನಡೆಸುವವರನ್ನು ಕೇಳಿ.

ಪ್ರಶ್ನೆ: ಮಂತ್ರಕ್ಕೆ ನನ್ನ ಪಾತ್ರದ ಹೆಸರು ಇಡಬಹುದಾ?
- ಹಾವೇರಿ

ಉತ್ತರ: ಧಾರಾಳವಾಗಿ. 1974ರಲ್ಲಿ ಈ ಆಟ ತಂದ ಇಬ್ಬರಲ್ಲಿ ಒಬ್ಬರು ಗ್ಯಾರಿ ಗೈಗ್ಯಾಕ್ಸ್. ಅವರ ಮಗ ಅರ್ನೆಸ್ಟ್ ತನ್ನ ಹೆಸರಿನ ಇಂಗ್ಲಿಷ್ ಅಕ್ಷರ ಕಲಸಿ ಆಟದಲ್ಲಿ ಟೆನ್ಸರ್ ಅನ್ನುವ ಮಾಂತ್ರಿಕ ಆದ, ಟೆನ್ಸರನ ತೇಲುವ ತಟ್ಟೆ ಅನ್ನುವ ಮಂತ್ರ ಇಂದಿಗೂ ಪುಸ್ತಕದಲ್ಲಿದೆ. ಅವರ ಜೊತೆ ಆಡುತ್ತಿದ್ದ ಜಿಮ್ ವಾರ್ಡ್ ಹೆಸರಿನ ಇಂಗ್ಲಿಷ್ ಅಕ್ಷರ ಹಿಂದುಮುಂದು ತಿರುಗಿಸಿದರೆ ಡ್ರಾಮಿಜ್, ಅವನ ಹೆಸರಿನಲ್ಲೂ ಒಂದು ಮಂತ್ರ ಇದೆ. ನಿಮ್ಮದನ್ನೂ ತಿರುಗಿಸಿ ನೋಡಿ. ನನ್ನದು ಹೊಟ್ಟೆನೋವಿನ ಔಷಧಿ ಥರ ಕೇಳಿಸಿತು, ಬಿಟ್ಟುಬಿಟ್ಟೆ.