4 ನೋಟ್ರಂಪ್ ಮೇಲೆ ಅವರು 5 ಸ್ಪೇಡ್ ಹೇಳಿದರೆ

ಬ್ರಿಡ್ಜ್ ಇಸ್ಪೀಟಾಟದ ಹರಾಜಿನಲ್ಲಿ ಪಾರ್ಟ್ನರ್ 1 ಹಾರ್ಟ್, ಎದುರಾಳಿ 3 ಸ್ಪೇಡ್, ನೀವು ಎಕ್ಕ ಕೇಳುವ 4 ನೋಟ್ರಂಪ್, ಇನ್ನೊಬ್ಬ ಎದುರಾಳಿ 5 ಸ್ಪೇಡ್. ಈಗ ಪಾರ್ಟ್ನರ್ ಹೇಳುವ ಡಬಲ್‌ಗೂ ಪಾಸ್‌ಗೂ ಏನರ್ಥ ಅಂತ ಕೇಳಿದ್ದೀರಿ.

ಅವರು 5 ಕ್ಲಬ್ ಅಥವಾ 5 ಡೈಮಂಡ್ ಹೇಳಿದ್ದರೆ ಡೋಪಿ ಅನ್ನೋ ಉತ್ತರದ ಪದ್ಧತಿ ಸಾಕು. ಡಬಲ್ ಅಂದರೆ ಸೊನ್ನೆ ಅಥವಾ ಮೂರು ಕೀ ಕಾರ್ಡ್ (ನಾಲ್ಕು ಎಕ್ಕ ಮತ್ತು ತುರುಫಿನ ರಾಜ), ಪಾಸ್ ಅಂದರೆ ಒಂದು ಅಥವಾ ನಾಲ್ಕು, ಎರಡಿದ್ದರೆ ಮುಂದಿನ ಬಿಡ್. 5 ಸ್ಪೇಡ್ ಮೇಲೆ ಮಾತ್ರ ಇಕ್ಕಟ್ಟು. ಎರಡು ತೋರಿಸೋಕೆ 5 ನೋಟ್ರಂಪ್ ಹೇಳಿದರೆ 6 ಹಾರ್ಟ್‌ಗೆ ಹೋಗಲೇಬೇಕು. ಅಲ್ಲಿ ಡೆಪೋ ಆಡಿ: ಸಮಸಂಖ್ಯೆಗೆ ಡಬಲ್, ಬೆಸಕ್ಕೆ ಪಾಸ್. ಸೊನ್ನೆಯೋ ಎರಡೋ ಅನ್ನೋದು ನಿಮ್ಮ ಕೈ ನೋಡಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಸ್ಲಾಮ್ (13ರಲ್ಲಿ ಕನಿಷ್ಠ 12 ಟ್ರಿಕ್ ಗೆಲ್ಲುವ ಬಿಡ್) ಬೇಡ ಅನ್ನಿಸಿದರೆ ಅವರನ್ನು 5 ಸ್ಪೇಡ್ ಡಬಲ್‌ನಲ್ಲೇ ನಿಲ್ಲಿಸಬಹುದು.

ಆದರೆ ನೀವು ಕೊಟ್ಟ ಕೈ ನೋಡಿ: ಸ್ಪೇಡ್ 8-3, ಹಾರ್ಟ್ ರಾಜ-ರಾಣಿ-7-4, ಡೈಮಂಡ್ ಎಕ್ಕ-ರಾಜ-ರಾಣಿ-5, ಕ್ಲಬ್ ರಾಜ-ರಾಣಿ-3. ಇದಕ್ಕೆ 4 ನೋಟ್ರಂಪ್ ಸರಿಯಾದ ಪ್ರಶ್ನೆಯೇ ಅಲ್ಲ. ಪಾರ್ಟ್ನರ್ ಹತ್ತಿರ ಹಾರ್ಟ್ ಎಕ್ಕ, ಕ್ಲಬ್ ಎಕ್ಕ ಎರಡೂ ಇರಲಿ. ಅವರಿಗೂ ಸ್ಪೇಡ್‌ನಲ್ಲಿ ಎರಡು ಚಿಲ್ಲರೆ ಎಲೆ ಇದ್ದರೆ ಎದುರಾಳಿಗಳು ಎಕ್ಕ, ರಾಜ ಎರಡನ್ನೂ ಹೊಡೆದುಕೊಂಡು ಸ್ಲಾಮ್ ಕೆಡಿಸುತ್ತಾರೆ, ಅಲ್ವಾ? 3 ಸ್ಪೇಡ್ ಮೇಲೆ ನೇರ 5 ಹಾರ್ಟ್ ಹೇಳಿ. 'ಅವರ ಸೂಟ್‌ಗೆ ತಡೆ ಇದೆಯಾ' ಅಂತ ಕೇಳಿದ ಹಾಗೆ. ಇಲ್ಲದಿದ್ದರೆ ಪಾರ್ಟ್ನರ್ ಪಾಸ್. ರಾಜ ಅಥವಾ ಒಂಟಿ ಎಲೆ ಇದ್ದರೆ 6 ಹಾರ್ಟ್. ಎಕ್ಕ ಇದ್ದರೆ ಅಥವಾ ಸ್ಪೇಡೇ ಇಲ್ಲದಿದ್ದರೆ 5 ಸ್ಪೇಡ್. ನನ್ನ ಪ್ರಕಾರ ಡೆಪೋಗಿಂತ ಮೊದಲು ಇದನ್ನು ಗೊತ್ತು ಮಾಡಿಕೊಳ್ಳಿ, ಇದು ಜಾಸ್ತಿ ಬರುತ್ತದೆ.

ಹಾಂ, ಅವರು ನೇರ 4 ಸ್ಪೇಡ್‌ಗೆ ಹಾರಿದರೆ ನಿಮ್ಮ 4 ನೋಟ್ರಂಪ್ ಎಕ್ಕ ಕೇಳೋದಾ, ಎರಡು ಮೈನರ್ (ಕ್ಲಬ್, ಡೈಮಂಡ್) ತೋರಿಸೋದಾ? ಅದನ್ನೂ ಮಾತಾಡಿಕೊಳ್ಳಿ. ನನಗೆ ಎರಡನೆಯದೇ ಇಷ್ಟ.