ವೆಬ್‌ಸೈಟ್‌ಗೆ ಬಂದವರನ್ನು ಎಣಿಸೋದು ಹೇಗೆ?

ಪ್ರಶ್ನೆ: ಹೊಸದುರ್ಗದ ಕಡೆ ನಮ್ಮ ರೈತರ ಸಂಘ ಇದೆ. ಸಾವೆ, ನವಣೆ ಮಾರುತ್ತೇವೆ. ಆರ್ಡರ್ ಬರೋದೆಲ್ಲ ಫೋನ್ ಮತ್ತು ವಾಟ್ಸಾಪ್‌ನಲ್ಲಿ. ವೆಬ್‌ಸೈಟ್‌ಗೆ ಬರುವವರು ಜಾಸ್ತಿ ಆಗಿದ್ದಾರೆ ಅಂತ ಗೂಗಲ್ ಅನಾಲಿಟಿಕ್ಸ್ ತೋರಿಸುತ್ತದೆ, ಆದರೆ ವ್ಯಾಪಾರ ಹಾಗೇ ಇದೆ. ಈ ಲೆಕ್ಕ ನಂಬಬಹುದಾ?
– ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ಲೆಕ್ಕ ಸುಳ್ಳಲ್ಲ. ನಿಮಗೆ ಬೇಕಾದ್ದನ್ನು ಅದು ಎಣಿಸುತ್ತಿಲ್ಲ, ಅಷ್ಟೇ. ಗಿರಾಕಿ ಬೆಲೆ ನೋಡಿ ಫೋನ್ ಮಾಡುತ್ತಾರೆ ಅಂದ ಮೇಲೆ ಎಣಿಸಬೇಕಾದ್ದು ಆ ಫೋನನ್ನೇ ಅಲ್ವಾ?

ಮೊದಲು ನಿಮ್ಮ ಫೋನ್ ನಂಬರ್ ಎಲ್ಲಿದೆ ನೋಡಿ. ಎಷ್ಟೋ ಸೈಟ್‌ಗಳಲ್ಲಿ ಅದು ಮೇಲಿನ ಬ್ಯಾನರ್ ಚಿತ್ರದೊಳಗೇ ಇರುತ್ತದೆ. ಅದನ್ನು ಮುಟ್ಟಿದರೆ ಕರೆ ಹೋಗುವುದಿಲ್ಲ, ಎಣಿಕೆಗೂ ಸಿಗುವುದಿಲ್ಲ. ಮುಟ್ಟಿದ ಕೂಡಲೇ ಡಯಲ್ ಆಗುವ ಲಿಂಕ್ ಮಾಡಿಸಿ. ಪಿಡಿಎಫ್ ಡೌನ್‌ಲೋಡ್, ಬೇರೆ ಸೈಟಿಗೆ ಹೋಗುವ ಕ್ಲಿಕ್ ಇಂಥವನ್ನು ಜಿಎ4 (ಗೂಗಲ್ ಅನಾಲಿಟಿಕ್ಸ್‌ನ ಈಗಿನ ಆವೃತ್ತಿ) ತಾನಾಗಿಯೇ ಹಿಡಿಯಬಲ್ಲದು, ಡಯಲ್ ಲಿಂಕನ್ನು ಮಾತ್ರ ಹಿಡಿಯುವುದಿಲ್ಲ, ಅದಕ್ಕೆ ಗೂಗಲ್‌ನದೇ ಇನ್ನೊಂದು ಸಾಧನವಾದ ಟ್ಯಾಗ್ ಮ್ಯಾನೇಜರ್‌ನಲ್ಲಿ ಒಂದು ಈವೆಂಟ್ (ಇಂಥ ಕ್ಲಿಕ್ ಆದಾಗಲೆಲ್ಲ ಎಣಿಸು ಅನ್ನುವ ಗುರುತು) ಮಾಡಬೇಕು. ವಾಟ್ಸಾಪ್ ಬಟನ್‌ಗೂ ಬೇರೆ ಹೆಸರಿನ ಈವೆಂಟ್ ಇರಲಿ. ಎರಡನ್ನೂ ಅನಾಲಿಟಿಕ್ಸ್‌ನಲ್ಲಿ 'ಕೀ ಈವೆಂಟ್', ಅಂದರೆ ಮುಖ್ಯವಾದದ್ದು, ಅಂತ ಗುರುತು ಮಾಡಿ.

ಇನ್ನು, ಸಂಘದವರೇ ದಿನಾ ಸೈಟ್ ತೆರೆದು ನೋಡುತ್ತಿರುತ್ತೀರಿ. ಅದೂ ಲೆಕ್ಕಕ್ಕೆ ಸೇರುತ್ತದೆ. ಕಚೇರಿಯ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ಕೊಟ್ಟು ಫಿಲ್ಟರ್ ಹಾಕಬಹುದು, ಆದರೆ ಅದು ಮೊದಲಿಗೆ 'ಟೆಸ್ಟಿಂಗ್' ಸ್ಥಿತಿಯಲ್ಲೇ ಇರುತ್ತದೆ, ನೀವೇ 'ಆಕ್ಟಿವ್' ಮಾಡುವ ತನಕ ಏನನ್ನೂ ತೆಗೆಯುವುದಿಲ್ಲ. ಮೊಬೈಲ್ ಡೇಟಾದಲ್ಲಿ ನೋಡುವವರ ಐಪಿ ಬದಲಾಗುತ್ತಲೇ ಇರುವುದರಿಂದ ಅವರು ಇದರಲ್ಲಿ ಸಿಗುವುದಿಲ್ಲ. ಬಂದವರು ಯಾವ ಊರಿನವರು ಅಂತ ತೋರಿಸುವ ಪಟ್ಟಿಯನ್ನೂ ಅಷ್ಟಾಗಿ ನಂಬಬೇಡಿ, ಚಳ್ಳಕೆರೆಯಲ್ಲಿ ಮೊಬೈಲ್ ಹಿಡಿದವರು ಬೆಂಗಳೂರಿನವರಾಗಿ ಕಾಣಿಸಬಹುದು.

ವಾಟ್ಸಾಪ್ ಗುಂಪುಗಳಿಗೆ ಕಳಿಸುವ ಲಿಂಕಿಗೆ ಯುಟಿಎಂ ಟ್ಯಾಗ್ (ಎಲ್ಲಿಂದ ಬಂದರು ಅಂತ ತಿಳಿಸಲು ಲಿಂಕಿನ ಕೊನೆಗೆ ಸೇರಿಸುವ ಗುರುತು) ಸೇರಿಸಿ. ಇಲ್ಲದಿದ್ದರೆ ಅಲ್ಲಿಂದ ಬಂದವರೆಲ್ಲ ಸಾಮಾನ್ಯವಾಗಿ 'ಡೈರೆಕ್ಟ್', ಅಂದರೆ ಎಲ್ಲಿಂದ ಬಂದರೋ ಗೊತ್ತಿಲ್ಲ, ಅಂತಲೇ ಬೀಳುತ್ತಾರೆ. ಟ್ಯಾಗನ್ನು ಒಮ್ಮೆ ದೊಡ್ಡಕ್ಷರ, ಒಮ್ಮೆ ಸಣ್ಣಕ್ಷರದಲ್ಲಿ ಬರೆದರೆ ಎರಡು ಬೇರೆ ಮೂಲ ಅಂತ ಎಣಿಸುತ್ತದೆ. ಸಣ್ಣಕ್ಷರವನ್ನೇ ಬಳಸಿ.

ಒಂದು ಕೆಲಸ ಇವತ್ತೇ ಮಾಡಿ. ಅನಾಲಿಟಿಕ್ಸ್ ಡೇಟಾ ಇಟ್ಟುಕೊಳ್ಳುವ ಅವಧಿ ಸುಮ್ನೆ ಬಿಟ್ಟರೆ 2 ತಿಂಗಳು ಮಾತ್ರ. 14 ತಿಂಗಳಿಗೆ ಬದಲಿಸಿ. ಮಾಮೂಲಿ ವರದಿಗಳಿಗೆ ಈ ಅವಧಿಯಿಂದ ತೊಂದರೆಯಿಲ್ಲ, ಆದರೆ ಹೋದ ಮುಂಗಾರಿಗೂ ಈ ಮುಂಗಾರಿಗೂ 'ಎಕ್ಸ್‌ಪ್ಲೋರ್' (ನಮಗೆ ಬೇಕಾದಂತೆ ವರದಿ ಮಾಡಿಕೊಳ್ಳುವ ಭಾಗ) ಒಳಗೆ ಹೋಲಿಸಿ ನೋಡಬೇಕೆಂದರೆ ಆ ಹಳೇ ಮಾಹಿತಿ ಉಳಿದಿರಬೇಕು. ಅಳಿಸಿ ಹೋದದ್ದು ವಾಪಸ್ ಬರುವುದಿಲ್ಲ.

ಪ್ರಶ್ನೆ: ನಮ್ಮ ಟ್ರಸ್ಟ್‌ನ ನೋಂದಣಿ ಫಾರ್ಮ್‌ನಲ್ಲಿ ಆಧಾರ್, ಹುಟ್ಟಿದ ದಿನ ಎಲ್ಲ ಕೇಳುತ್ತೇವೆ. ಮುಂದೆ ಉಪಯೋಗಕ್ಕೆ ಬಂದೀತು ಅಂತ. ಸರಿಯಾ?
– ಓದುಗರು, ದಾವಣಗೆರೆ

ಉತ್ತರ: ಬೇಡ, ದಯವಿಟ್ಟು ತೆಗೆದುಬಿಡಿ. ನಿಮ್ಮನ್ನು ನಂಬಿ ಬರೆದುಕೊಟ್ಟವರ ಮಾಹಿತಿ ಅದು. ಯಾವುದಕ್ಕೆ ಅಂತ ಹೇಳಿ, ಒಪ್ಪಿಗೆ ಪಡೆದು, ಆ ಕೆಲಸಕ್ಕೆ ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕು ಅನ್ನುವುದು 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಮಾತೂ ಹೌದು. ಇನ್ನೊಂದು ಪರೀಕ್ಷೆ ಮಾಡಿ: ಫಾರ್ಮ್ ತುಂಬಿ ಕಳಿಸಿದ ಮೇಲೆ ಬ್ರೌಸರ್‌ನ ಮೇಲಿನ ವಿಳಾಸ ಓದಿ. ಅಲ್ಲಿ ಹೆಸರೋ ಫೋನ್ ನಂಬರೋ ಕಂಡರೆ ಅದು ಅನಾಲಿಟಿಕ್ಸ್‌ಗೂ ಹೋಗುತ್ತಿರಬಹುದು. ಗೂಗಲ್‌ನ ನಿಯಮವೇ ಅದನ್ನು ಒಪ್ಪುವುದಿಲ್ಲ. ಸೈಟ್ ಮಾಡಿಕೊಟ್ಟವರಿಗೆ 'ಗೆಟ್' (ಮಾಹಿತಿಯನ್ನು ವಿಳಾಸದಲ್ಲೇ ಸೇರಿಸಿ ಕಳಿಸುವ ವಿಧಾನ) ತೆಗೆದು 'ಪೋಸ್ಟ್' (ವಿಳಾಸದಲ್ಲಿ ಕಾಣದಂತೆ ಕಳಿಸುವ ವಿಧಾನ) ಹಾಕಿ ಅಂದರೆ ಸಾಕು, ಅವರಿಗೆ ಅರ್ಥವಾಗುತ್ತದೆ.