ಇಬ್ಬರು ಮೇಷ್ಟ್ರು ಒಂದೇ ಪೀಬ್ರಾಕನ್ನು ಎರಡು ಥರ ಕಲಿಸುತ್ತಿದ್ದಾರೆ, ಯಾರದ್ದು ಅಸಲಿ?

ಪೀಬ್ರಾಕ್ ಅಂದರೆ ಸ್ಕಾಟ್ಲೆಂಡಿನ ಬ್ಯಾಗ್‌ಪೈಪಿನ ಹಳೆಯ, ದೀರ್ಘ ಶಾಸ್ತ್ರೀಯ ರಚನೆ. ನಿಮಗೆ ಅದನ್ನು ಕಲಿಸುವ ಒಬ್ಬರು 'ಇ' ಸ್ವರವನ್ನು (ಪಾಶ್ಚಾತ್ಯ ಸ್ವರ E) ಉದ್ದ ಹಿಡಿ ಅಂತಾರೆ, ಇನ್ನೊಬ್ಬರು ಮುಟ್ಟಿ ಬಿಡು ಅಂತಾರೆ. ಒಬ್ಬರು ಪುಸ್ತಕ ತೆರೆಯುತ್ತಾರೆ, ಇನ್ನೊಬ್ಬರು ಹಾಡುತ್ತಾರೆ. ನೀವು ಬರೆದ ಪ್ರಶ್ನೆ ಇದೇ ಅಲ್ವಾ? ಗ್ಲಾಸ್ಗೋಗೆ ಕೆಲಸಕ್ಕೆ ಬಂದು ಬ್ಯಾಗ್‌ಪೈಪ್ ಹಿಡಿದ ನನಗೂ ಇದೇ ಆಯಿತು.

ಮಾರ್ಚು, ರೀಲುಗಳನ್ನೆಲ್ಲ ನಾನು ಪುಸ್ತಕ ನೋಡಿಯೇ ಕಲಿತಿದ್ದೆ. ಪೀಬ್ರಾಕ್ ಕಲಿಯಬೇಕು ಅಂತ ಆಸೆಯಾಗಿ ಒಬ್ಬ ವಯಸ್ಸಾದ ಮೇಷ್ಟ್ರ ಹತ್ತಿರ ಹೋದೆ. ಅವರು ಪುಸ್ತಕ ತೆಗೆಯುತ್ತಲೇ ಇರಲಿಲ್ಲ. ಎದುರಿಗೆ ಕೂರಿಸಿಕೊಂಡು, ಪೈಪ್ ಸಂಗೀತವನ್ನು ಅಕ್ಷರಗಳಲ್ಲಿ ಹಾಡುವ ಪದ್ಧತಿಯಾದ ಕೌಂಟರಾಖ್‌ನಲ್ಲಿ ಹಾಡುತ್ತಿದ್ದರು. ಅದರಲ್ಲಿ ಸ್ವರಕ್ಕೂ ಅಕ್ಷರ ಇದೆ, ಬೆರಳಿನ ಕೆಲಸಕ್ಕೂ ಅಕ್ಷರ ಇದೆ. 'ಹಿಹಾರಿನ್' ಅಂದರೆ ಮೊದಲು 'ಇ' ಮೇಲೆ ನಿಂತು, ಕೆಳಗಿನ 'ಎ'ಗೆ ಇಳಿದು, ಅಲ್ಲಿ ಬೆರಳು ತಟ್ಟುವುದು. 'ದಾರಿದ್' ಕೇಳಿಸಿದರೆ ಟೌರ್ಲುವಾ, 'ಬಾಂದ್ರೆ' ಕೇಳಿಸಿದರೆ ಕ್ರುನ್ಲುವಾ. ಇವೆರಡೂ ಬೆರಳಿನ ಚುರುಕು ಅಲಂಕಾರಗಳು, ಅವುಗಳ ಮೇಲೆ ಕಟ್ಟಿದ ಭಾಗಗಳಿಗೂ ಅದೇ ಹೆಸರು. ಅವರು ಒಂದು ಸಾಲು ಹಾಡಬೇಕು, ನಾನು ಹಾಡಬೇಕು, ಅವರು ತಲೆ ಅಲ್ಲಾಡಿಸಬೇಕು, ಮತ್ತೆ ಹಾಡಬೇಕು. ಚಾಂಟರ್, ಅಂದರೆ ಬೆರಳಾಡಿಸಿ ನುಡಿಸುವ ಕೊಳವೆ, ಅಷ್ಟು ಹೊತ್ತೂ ಮೇಜಿನ ಮೇಲೇ ಇರುತ್ತಿತ್ತು.

ನನಗೆ ಇದು ತೀರಾ ನಿಧಾನ ಅನಿಸಿತು. ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಗೆ ಬಂದು, ಕಂಪ್ಯೂಟರಿನಲ್ಲಿ ಸ್ಟಾಫ್ ನೊಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಮಾಡಿದೆ. ನಾನು ಕೆಟ್ಟಿದ್ದು ಇಲ್ಲೇ. ನೀವೂ ಇದನ್ನೇ ಮಾಡುವ ಹಾಗೆ ಕಾಣುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಆ ಸಾಫ್ಟ್‌ವೇರ್ ಮೊದಲು ಕೇಳುವುದೇ ತಾಳ ಯಾವುದು ಅಂತ. ನಾನು ನಾಲ್ಕರ ತಾಳ ಹಾಕಿದೆ. ಮೇಷ್ಟ್ರು ಸಾಲಿನ ಶುರುವಿನಲ್ಲಿ 'ಇ' ಬಂದರೆ ಎಳೆದು ಹಾಡುತ್ತಿದ್ದರು. ಅದೇ 'ಇ' ಸಾಲಿನ ನಡುವೆ ಬಂದರೆ ಹಗುರ ಮಾಡುತ್ತಿದ್ದರು. ಸಾಲು ಮುಗಿಯುವ ಕಡೆ 'ಇ' ಹೆಸರಿಗಷ್ಟೇ ಬಂದು, ಭಾರವೆಲ್ಲ ಕೆಳಗಿನ 'ಎ' ಮೇಲೆ ಬೀಳುತ್ತಿತ್ತು. ರೆಕಾರ್ಡಿಂಗ್‌ನಲ್ಲಿ ಈ ಮೂರೂ ಸ್ಪಷ್ಟವಾಗಿ ಬೇರೆ ಬೇರೆ. ನಾನು ಮೂರಕ್ಕೂ ಒಂದೇ ಗುರುತು ಹಾಕಿದೆ, ಯಾಕಂದರೆ ಪ್ರತಿ ಬಾರಿನಲ್ಲೂ (ತಾಳದ ಒಂದೊಂದು ಆವರ್ತದಲ್ಲೂ) ನಾಲ್ಕರ ಲೆಕ್ಕ ಕೂಡಬೇಕಿತ್ತು. ಕೂಡದ ಕಡೆ ಪಕ್ಕದ ಸ್ವರವನ್ನು ಚೂರು ಮೊಟಕು ಮಾಡಿದೆ. ಹಾಳೆ ಅಚ್ಚುಕಟ್ಟಾಗಿ ಬಂತು. ಹಾಳೆ ಬಂದ ಮೇಲೆ ರೆಕಾರ್ಡಿಂಗ್ ಕೇಳುವುದನ್ನೇ ಬಿಟ್ಟೆ.

ಬೇರೆ ವಾದ್ಯದಲ್ಲಾದರೆ ಇಷ್ಟು ಪೆಟ್ಟು ಬೀಳುತ್ತಿರಲಿಲ್ಲವೇನೋ. ಬ್ಯಾಗ್‌ಪೈಪಿನಲ್ಲಿ ಒಂದು ಸ್ವರವನ್ನು ಜೋರು ಮಾಡಿ, ಇನ್ನೊಂದನ್ನು ಮೆಲ್ಲಗೆ ನುಡಿಸುವ ಹಾಗಿಲ್ಲ. ನಡುವೆ ನಿಲ್ಲಿಸುವ ಹಾಗೂ ಇಲ್ಲ. ಚೀಲ ಒತ್ತುವಷ್ಟು ಹೊತ್ತು ಚಾಂಟರ್ ಕೂಗುತ್ತಲೇ ಇರುತ್ತದೆ, ಜೊತೆಗೆ ಶ್ರುತಿಯ ಹಾಗೆ ಒಂದೇ ಸ್ವರ ಹಿಡಿಯುವ ಮೂರು ಡ್ರೋನ್ ಕೊಳವೆ. ಇರುವುದು ಒಂಬತ್ತೇ ಸ್ವರ. ಒಂದೇ ಸ್ವರ ಎರಡು ಸಲ ಬೇಕಾದರೂ ನಡುವೆ ಗ್ರೇಸ್ ನೋಟ್ (ಕ್ಷಣಮಾತ್ರದ ಸ್ವರ) ಹಾಕಿ ಕತ್ತರಿಸಬೇಕು. ಹಾಗಾಗಿ ದುಃಖವೋ ಸಿಟ್ಟೋ ಏನೇ ಇದ್ದರೂ ಅದನ್ನು ಸ್ವರದ ಉದ್ದ ಗಿಡ್ಡದಲ್ಲೇ ತರಬೇಕು. ನಾನು ಸಮ ಮಾಡಿ ಹಾಕಿದ್ದು ಅದನ್ನೇ.

ಪೀಬ್ರಾಕಿನಲ್ಲಿ ಮೊದಲು ಬರುವ ಮೂಲ ಭಾಗವಾದ ಉರ್ಲರ್ ಪೂರ್ತಿ ಬಾಯಿಪಾಠ ಮಾಡಿಕೊಂಡು ಹೋಗಿ ಮೇಷ್ಟ್ರ ಮುಂದೆ ನುಡಿಸಿದೆ. ಕೇಳಿ ಮುಗಿಸಿ, "ಇದನ್ನು ಯಾರ ಹತ್ತಿರ ಕಲಿತೆ?" ಅಂದರು. ಅವರ ಹತ್ತಿರವೇ ಕಲಿತಿದ್ದೇನೆ ಅಂತ ನಾನು ಪೂರ್ತಿ ನಂಬಿದ್ದೆ. ಆ ಚಳಿಗಾಲವಿಡೀ ಹಾಡುವುದೊಂದೇ ಪಾಠವಾಯಿತು. ಹೆಸರು ಕೊಟ್ಟಿದ್ದ ಸ್ಪರ್ಧೆ ಬಿಟ್ಟೆ. ಬಾಯಲ್ಲಿ ಸರಿಯಾಗಿ ಬಂದದ್ದು ಚಾಂಟರ್ ಹಿಡಿದ ಕೂಡಲೇ ಹಾಳೆಯ ಲೆಕ್ಕಕ್ಕೆ ವಾಪಸ್ ಹೋಗುತ್ತಿತ್ತು, ಬೆರಳಿಗೆ ಅದೇ ರೂಢಿ. ಬೇರೆ ಪೀಬ್ರಾಕ್‌ಗಳು ಆಮೇಲೆ ಚೆನ್ನಾಗಿ ಬಂದವು. ಅದೊಂದು ಇವತ್ತಿಗೂ ಬಿಗಿಯಾಗಿಯೇ ಇದೆ.

ಈಗ ನಿಮ್ಮ "ಅಸಲಿ ಯಾವುದು" ಅನ್ನುವ ಪ್ರಶ್ನೆ. ನಾನು ಇದನ್ನು ಒಪ್ಪುವುದೇ ಇಲ್ಲ. ಯಾವ ಕಾಲದ ಅಸಲಿ ಬೇಕು ನಿಮಗೆ? ಜೋಸೆಫ್ ಮ್ಯಾಕ್‌ಡೊನಾಲ್ಡ್ 1760ರ ಸುಮಾರಿಗೆ ಈ ಸಂಗೀತದ ಬಗ್ಗೆ ಬರೆದರು. ಈಸ್ಟ್ ಇಂಡಿಯಾ ಕಂಪನಿ ಕೆಲಸಕ್ಕೆ ನಮ್ಮ ಭಾರತಕ್ಕೇ ಬಂದು, ಚಿಕ್ಕ ವಯಸ್ಸಿಗೇ ಅಲ್ಲೇ ತೀರಿಕೊಂಡವರು. ಅವರ ಪುಸ್ತಕ ಅಚ್ಚಾಗಿದ್ದು 1803ರಲ್ಲಿ. 1797ರ ಕಾಲಿನ್ ಕ್ಯಾಂಪ್‌ಬೆಲ್ ಹಸ್ತಪ್ರತಿಯಲ್ಲಿ ಸ್ಟಾಫ್ ಗೆರೆಯೇ ಇಲ್ಲ, ಬರೀ ಕೌಂಟರಾಖ್ ಅಕ್ಷರ. ಯಾವುದನ್ನು ಎಷ್ಟು ಉದ್ದ ಹಿಡಿಯಬೇಕು ಅಂತ ಅದು ಹೇಳುವುದಿಲ್ಲ. 1838ರಲ್ಲಿ ಆಂಗಸ್ ಮ್ಯಾಕೆ ಸ್ಟಾಫ್ ನೊಟೇಶನ್‌ನಲ್ಲಿ ಅಚ್ಚು ಹಾಕಿಸಿದರು. ಅವರ ಟೌರ್ಲುವಾದಲ್ಲಿ ಒಂದು ಕೆಳಗಿನ 'ಎ' ಜಾಸ್ತಿ ಇದೆ, ಈಗ ಅದನ್ನು ಹೆಚ್ಚಿನವರು ನುಡಿಸುವುದಿಲ್ಲ. ಆ ಒಂದು 'ಎ' ವಿಷಯಕ್ಕೆ ಪೈಪರ್‌ಗಳು ಜಗಳವಾಡಿದ್ದು ಅಷ್ಟಿಷ್ಟಲ್ಲ. 1903ರಲ್ಲಿ ಪೀಬ್ರಾಕ್ ಸೊಸೈಟಿ ಶುರುವಾಯಿತು. ಅದರ ಪುಸ್ತಕಗಳು, ಅದು ಸ್ಪರ್ಧೆಗೆ ಕೊಡುವ ಪಟ್ಟಿ, ಓಬನ್ ಮತ್ತು ಇನ್ವರ್‌ನೆಸ್ಸಿನ ಸ್ಪರ್ಧೆಗಳ ಚಿನ್ನದ ಪದಕ, ಎಲ್ಲ ಸೇರಿ ಒಂದು ಶೈಲಿ ಗಟ್ಟಿಯಾಯಿತು. 1995ರಲ್ಲಿ ಆಲನ್ ಮ್ಯಾಕ್‌ಡೊನಾಲ್ಡ್ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಬರೆದ ಪ್ರಬಂಧದಲ್ಲಿ ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ಹಾಡುಗಳ ಪಕ್ಕ ಪೀಬ್ರಾಕ್ ಇಟ್ಟು ನೋಡಿ, ಆ ಶೈಲಿಯನ್ನೇ ಪ್ರಶ್ನಿಸಿದರು. ನಿಮ್ಮ ಇಬ್ಬರು ಮೇಷ್ಟ್ರೂ ಈ ಚರಿತ್ರೆಯಲ್ಲಿ ಎಲ್ಲೋ ಒಂದು ಕಡೆ ನಿಂತವರೇ.

ಪುಸ್ತಕದವರನ್ನು ನಾನು ಬೈಯುತ್ತಿಲ್ಲ. ಬರೆದಿಡದಿದ್ದರೆ ಎಷ್ಟೋ ಪೀಬ್ರಾಕ್‌ಗಳು ನಮಗೆ ಸಿಗುತ್ತಲೇ ಇರಲಿಲ್ಲ. ಆದರೆ ತೋಡಿ ರಾಗದ ಗಾಂಧಾರ ಸ್ವರವನ್ನು ಪುಸ್ತಕ ನೋಡಿ ಕಲಿಯುತ್ತೇನೆ ಅಂತ ಯಾರಾದರೂ ಹೊರಟರೆ ನಮ್ಮಲ್ಲಿ ಸುಮ್ನೆ ಬಿಡುತ್ತಾರಾ?

ಇಬ್ಬರದ್ದನ್ನೂ ಸೇರಿಸಿ ನನ್ನದೇ ಶೈಲಿ ಮಾಡಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಈಗ ಬೇಡ. ಉರ್ಲರ್ ಒಬ್ಬರ ಥರ, ಕ್ರುನ್ಲುವಾ ಇನ್ನೊಬ್ಬರ ಥರ ಆದರೆ ಕೇಳುವವರಿಗೆ ಅದು ಎರಡು ಬೇರೆ ರಚನೆ. ಈ ಪೀಬ್ರಾಕನ್ನು ಹಾಡುವ ಮೇಷ್ಟ್ರ ಹತ್ತಿರವೇ ಕೊನೆಯವರೆಗೆ ಕಲಿಯಿರಿ. ಅವರು 'ಇ' ಉದ್ದ ಹಿಡಿಯುತ್ತಾರೋ ಗಿಡ್ಡ ಹಿಡಿಯುತ್ತಾರೋ ನನಗೆ ಮುಖ್ಯವಲ್ಲ. ಇನ್ನೊಬ್ಬರಿಗೆ ಬೇರೆ ಪೀಬ್ರಾಕ್ ಕೊಡಿ ಅಂತ ನೇರವಾಗಿ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇನ್ವರ್‌ನೆಸ್ಸಿನ ಜಾನ್ ಮ್ಯಾಕ್‌ಡೊನಾಲ್ಡ್ ಅಂಥ ಹೆಸರಾಂತ ಪೈಪರೇ ಮ್ಯಾಕ್‌ಫರ್ಸನ್ ಮನೆತನದಲ್ಲೂ ಕಲಿತರು, ಕ್ಯಾಮರನ್ ಮನೆತನದಲ್ಲೂ ಕಲಿತರು.

ಪುಸ್ತಕ ತೆರೆಯಲೇಬೇಕು ಅನಿಸಿದರೆ, ಇಡೀ ಉರ್ಲರ್ ಬಾಯಲ್ಲಿ ತಡವರಿಸದೆ ಬಂದ ಮೇಲೆ ತೆರೆಯಿರಿ. ಜಾನ್ ಮ್ಯಾಕ್‌ಡೊನಾಲ್ಡ್ ಶಿಷ್ಯರಾದ ಬಾಬ್ ಬ್ರೌನ್, ಬಾಬ್ ನಿಕೋಲ್ ಹಾಡಿ ಕಲಿಸಿದ ಧ್ವನಿಮುದ್ರಣಗಳು ಸಿಗುತ್ತವೆ, ಕೇಳಿ. ನೀವು ಕಲಿಯುತ್ತಿರುವುದು ಯಾವುದು ಅಂತ ಬರೆದಿಲ್ಲ. ಹೆಸರು ಹೇಳಿ, ಯಾರು ಹಾಡಿದ್ದಾರೆ ಅಂತ ಹುಡುಕಿ ತಿಳಿಸುತ್ತೇನೆ.